ಹುಟ್ಟಿನಿಂದ ಆರು ವರ್ಷದವರೆಗೆ: ರಾಯಚೂರು ಸೀಮೆಯ ಮನೆಗಳಲ್ಲಿ ಮಗುವಿನ ಬೆಳವಣಿಗೆಗೆ ನೆರವಾಗುವ ಬಗೆ

ಮಗುವಿನ ಬೆಳವಣಿಗೆ ಎಂದ ಕೂಡಲೇ ನಮ್ಮ ಕಡೆಯ ತಂದೆತಾಯಿಗಳು ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ತೂಕ ಸರಿಯಾಗಿದೆಯೇ, ಮುಂದೆ ಯಾವ ಕಾನ್ವೆಂಟಿಗೆ ಸೇರಿಸಬೇಕು. ಈ ಎರಡು ಪ್ರಶ್ನೆಗಳ ನಡುವೆ ಕಳೆದುಹೋಗುವ ವರ್ಷಗಳಲ್ಲಿಯೇ ಮಿದುಳಿನ ಹೆಚ್ಚಿನ ಬೆಳವಣಿಗೆ ನಡೆಯುತ್ತದೆ. ಹುಟ್ಟುವಾಗ ದೊಡ್ಡವರ ಮಿದುಳಿನ ಸುಮಾರು ಕಾಲುಭಾಗದಷ್ಟಿರುವ ಕೂಸಿನ ಮಿದುಳು ಎರಡು ವರ್ಷ ತುಂಬುವ ಹೊತ್ತಿಗೆ ಶೇ 80ರಷ್ಟು, ಐದು ವರ್ಷಕ್ಕೆ ಶೇ 90ರಷ್ಟು ಗಾತ್ರ ಪಡೆದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವಬ್ಯಾಂಕ್ 2018ರಲ್ಲಿ ಜೊತೆಗೂಡಿ ಹೊರತಂದ ಮಾರ್ಗಸೂಚಿಯು ಈ ವಯಸ್ಸಿನ ಮಕ್ಕಳಿಗೆ ಐದು ಸಂಗತಿಗಳು ಬೇಕೆಂದು ಹೇಳುತ್ತದೆ: ಆರೋಗ್ಯ, ಸಾಕಷ್ಟು ಆಹಾರ, ಸುರಕ್ಷತೆ, ಕಲಿಯುವ ಅವಕಾಶ, ಮತ್ತು ಮಗುವಿನ ಸದ್ದು-ಸನ್ನೆಗಳಿಗೆ ಕೂಡಲೇ ಓಗೊಡುವ ಆರೈಕೆ. ಮೊದಲ ಮೂರರ ಬಗ್ಗೆ ಆಸ್ಪತ್ರೆಯಲ್ಲಿಯೂ ಅಂಗನವಾಡಿಯಲ್ಲಿಯೂ ಹೇಳುವವರಿದ್ದಾರೆ. ಕೊನೆಯ ಎರಡು ಮಾತ್ರ ಮನೆಯವರ ಕೈಯಲ್ಲಿಯೇ ಇವೆ.

ಹೊಲಮನೆಯ ಕೆಲಸದ ನಡುವೆ ಮಗುವಿಗೆಂದು ಪ್ರತ್ಯೇಕ ಹೊತ್ತು ತೆಗೆದಿಡಲು ಇಲ್ಲಿನ ಬಹಳಷ್ಟು ತಾಯಂದಿರಿಗೆ ಆಗುವುದಿಲ್ಲ. ಆದ್ದರಿಂದ ಇಲ್ಲಿ ಹೇಳಿರುವುದೆಲ್ಲ ಎರೆಯುವಾಗ, ಉಣಿಸುವಾಗ, ರೊಟ್ಟಿ ಬಡಿಯುವಾಗ, ಮಲಗಿಸುವಾಗ ಮಾಡಬಹುದಾದದ್ದು. ಅದಕ್ಕೆ ದುಡ್ಡು ಬೇಕಾಗುವುದು ಕಡಿಮೆ. ಮಗುವಿನ ಕಡೆ ಮುಖ ಮಾಡಿ ಮಾತಾಡುವ ಒಬ್ಬ ಮನುಷ್ಯ ಬೇಕು.

ಮೊದಲ ಹೆಜ್ಜೆ: ಮಗುವಿನ ಬಳಿ ಯಾರಿರುತ್ತಾರೆಂದು ಮೊದಲೇ ಗೊತ್ತುಮಾಡಿಕೊಳ್ಳಿ

ಸಿಂಧನೂರು, ಮಾನ್ವಿಯ ಕಡೆ ಭತ್ತದ ನಾಟಿ ಶುರುವಾದಾಗ, ದೇವದುರ್ಗ, ಲಿಂಗಸುಗೂರಿನ ಕಡೆ ಹತ್ತಿ ಬಿಡಿಸುವ ದಿನಗಳು ಬಂದಾಗ, ಹೆತ್ತು ಕೆಲವೇ ತಿಂಗಳಾದ ತಾಯಂದಿರೂ ಕೂಲಿಗೆ ಹೋಗುತ್ತಾರೆ. ಅಂಥ ದಿನಗಳಲ್ಲಿ ಕೂಸು ಅಜ್ಜಿಯ ಬಳಿ ಇರುತ್ತದೆ, ಇಲ್ಲವೇ ಎಂಟು-ಹತ್ತು ವರ್ಷದ ಅಕ್ಕನ ಕಂಕುಳಲ್ಲಿ ಇರುತ್ತದೆ. ಅಕ್ಕನನ್ನು ಶಾಲೆ ಬಿಡಿಸಿ ಕೂಸಿಗೆ ಕಾವಲು ಕೂರಿಸುವುದರಿಂದ ಇಬ್ಬರು ಮಕ್ಕಳ ಬೆಳವಣಿಗೆಗೂ ಪೆಟ್ಟು ಬೀಳುತ್ತದೆ, ಆದ್ದರಿಂದ ಅದನ್ನು ತಪ್ಪಿಸುವ ದಾರಿಯನ್ನು ಹೆರಿಗೆಗೆ ಮುಂಚೆಯೇ ಹುಡುಕಬೇಕು. ಉದ್ಯೋಗ ಖಾತ್ರಿ ಕೂಲಿಯ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ ಮೂರು ವರ್ಷದೊಳಗಿನ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗ. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ ಎಂದು ವಿಚಾರಿಸಿ. ಇದ್ದೂ ಬಾಗಿಲು ಹಾಕಿದ್ದರೆ ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಿಮಗಿದೆ.

ಅಜ್ಜಿಯೇ ನೋಡಿಕೊಳ್ಳುವುದಾದರೆ ಈ ಬರಹವನ್ನು ಆಕೆಗೆ ಓದಿ ಹೇಳಿ. ತಂದೆಯಾದವನು ದಿನಕ್ಕೊಮ್ಮೆಯಾದರೂ ಮಗುವನ್ನು ತಾನೇ ಎತ್ತಿಕೊಂಡು ಉಣಿಸಬೇಕು ಅಥವಾ ಮಲಗಿಸಬೇಕು. ಗಂಡಸರು ಕೂಸಿನ ಕೆಲಸ ಮಾಡುವುದನ್ನು ನೋಡಿ ಓಣಿಯವರು ನಕ್ಕರೆ ನಗಲಿ.

ತಾಯಿಯ ಮನಸ್ಸನ್ನೂ ಇದೇ ಹೆಜ್ಜೆಯಲ್ಲಿ ಗಮನಿಸಬೇಕು. ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮನೆ ಅಳು ಬರುವುದುಂಟು. ಆದರೆ ಎರಡು ವಾರ ಕಳೆದರೂ ಬಾಣಂತಿ ಮಂಕಾಗಿಯೇ ಇದ್ದರೆ, ಕೂಸಿನ ಮೇಲೆ ಮನಸ್ಸಿಲ್ಲದಂತಿದ್ದರೆ, ನಿದ್ದೆ-ಊಟ ಬಿಟ್ಟರೆ, ಅದನ್ನು ಗಾಳಿ ಎಂದೋ ಸೋಮಾರಿತನ ಎಂದೋ ತಳ್ಳಿಹಾಕದೆ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಕರೆ ಮಾಡಿ ಮಾತಾಡಬಹುದು. ತಾಯಿ ಮಂಕಾದರೆ ಕೂಸಿನೊಡನೆ ಮಾತಾಡುವವರೂ ಇಲ್ಲವಾಗುತ್ತಾರೆ.

ಎರಡನೆಯ ಹೆಜ್ಜೆ: ಹುಟ್ಟಿದ ಗಳಿಗೆಯಿಂದ ಮೂರು ತಿಂಗಳು

ಹೆರಿಗೆಯಾದ ಒಂದು ತಾಸಿನೊಳಗೆ ಕೂಸನ್ನು ಮೊಲೆಗೆ ಹಚ್ಚಬೇಕು. ಮೊದಲು ಬರುವ ಹಳದಿ ಬಣ್ಣದ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬಾರದು, ಅದೇ ಕೂಸಿನ ಮೊದಲ ರೋಗನಿರೋಧಕ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳಲ್ಲಿ ‘ಕೂಸಿಗೆ ನೀರಡಿಕೆ ಆಗಿರಬೇಕು’ ಎಂದು ಹಿರಿಯರು ನೀರು ಕುಡಿಸಲು ಬರುವುದು ಪ್ರೀತಿಯಿಂದಲೇ. ಆದರೂ ಬೇಡ. ಎದೆಹಾಲಿನಲ್ಲಿ ಕೂಸಿಗೆ ಬೇಕಾದಷ್ಟು ನೀರಿದೆ. ಬೇಸಿಗೆಯಲ್ಲಿ ಮೇಲಿಂದ ಮೇಲೆ ಹಾಲೂಡಿಸಿ, ನೀರನ್ನು ತಾಯಿ ಕುಡಿಯಲಿ. ತಾಯಿ ಕೆಲಸಕ್ಕೆ ಹೋಗುವುದಾದರೆ ಶುದ್ಧವಾದ ಸ್ಟೀಲ್ ಬಟ್ಟಲಿನಲ್ಲಿ ಹಾಲು ಹಿಂಡಿಟ್ಟು ಚಮಚದಿಂದ ಕುಡಿಸಬಹುದು. ಫ್ರಿಜ್ಜಿನಲ್ಲಿ ಅದು ಒಂದು ದಿನ ಇರುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ, ನಮ್ಮ ಬಿಸಿಲಿನಲ್ಲಿ, ಹಿಂಡಿದ ಹಾಲನ್ನು ಹೆಚ್ಚು ಹೊತ್ತು ಇಡುವುದಕ್ಕಿಂತ ಕೂಸನ್ನೇ ತಾಯಿಯಿದ್ದಲ್ಲಿಗೆ ಒಯ್ಯುವುದು ಒಳ್ಳೆಯದು.

ಜೇನು, ಸಕ್ಕರೆನೀರು, ಬಜೆ, ಘುಟ್ಟಿ ಯಾವುದನ್ನೂ ನೆಕ್ಕಿಸಬೇಡಿ. ಅದರಲ್ಲಿಯೂ ಜೇನುತುಪ್ಪ ಒಂದು ವರ್ಷದೊಳಗಿನ ಮಗುವಿಗೆ ಅಪಾಯಕಾರಿ. ಕಣ್ಣಿಗೆ ಕಾಡಿಗೆ ಹಚ್ಚುವುದೂ ಬೇಡ. ಪೇಟೆಯ ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ ಮತ್ತು ಸೀಸ ಮಿದುಳಿಗೆ ವಿಷ. ಎರೆದ ಮೇಲೆ ಲೋಬಾನದ ಹೊಗೆಯಲ್ಲಿ ಕೂಸನ್ನು ಹಿಡಿಯುವ ರೂಢಿಯಿಂದ ಎಳೆಯ ಶ್ವಾಸಕೋಶಕ್ಕೆ ತೊಂದರೆಯಾಗುತ್ತದೆ. ಹೊಟ್ಟೆ ಉಬ್ಬರಿಸಿದೆ, ಕೂಸು ಬಿಡದೆ ಅಳುತ್ತಿದೆ ಎಂದು ಹೊಟ್ಟೆಯ ಮೇಲೆ ಬರೆ ಎಳೆಸುವುದಂತೂ ಯಾವ ಕಾರಣಕ್ಕೂ ಕೂಡದು. ಅದರಿಂದ ಯಾವ ರೋಗವೂ ವಾಸಿಯಾಗುವುದಿಲ್ಲ, ಸುಟ್ಟ ಗಾಯಕ್ಕೆ ನಂಜೇರಿ ಕೂಸಿನ ಪ್ರಾಣವೇ ಹೋಗಬಹುದು.

ಹುಟ್ಟಿದಾಗ ತೂಕ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕೂಸನ್ನು ತಾಯಿಯ ಬರಿ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಕೊಂಡು ದಿನದಲ್ಲಿ ಆದಷ್ಟು ಹೆಚ್ಚು ಹೊತ್ತು ಇರಿಸಬೇಕು. ತಂದೆಯೂ, ಅಜ್ಜಿಯೂ ಸರದಿಯ ಮೇಲೆ ಹೀಗೆ ಕಟ್ಟಿಕೊಳ್ಳಬಹುದು. ರಾಯಚೂರಿನ ರಿಮ್ಸ್, ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಕಡೆ ನರ್ಸ್‌ಗಳು ಇದನ್ನು ಕೈಹಿಡಿದು ತೋರಿಸುತ್ತಾರೆ. ಡಿಸ್ಚಾರ್ಜ್ ಆಗುವ ಮೊದಲು ಕಲಿತುಕೊಂಡೇ ಬನ್ನಿ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬರಬೇಕು. ಆಕೆ ಬಂದಾಗ ಬಾಗಿಲಲ್ಲೇ ಸಹಿ ಮಾಡಿ ಕಳಿಸದೆ ತೂಕ ಮಾಡಿಸಿ, ಹೊಕ್ಕುಳು ತೋರಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ.

ಮಾತಿಗೆ ಅಡಿಪಾಯ ಹಾಕುವುದೂ ಈ ತಿಂಗಳುಗಳಲ್ಲಿಯೇ. ಎಳೆಗೂಸಿಗೆ ಒಂದು ಗೇಣಿನಷ್ಟು ದೂರದಲ್ಲಿರುವುದು ಚೆನ್ನಾಗಿ ಕಾಣುತ್ತದೆ, ಎಂದರೆ ಹಾಲೂಡಿಸುವಾಗಿನ ತಾಯಿಯ ಮುಖ. ಆ ಹೊತ್ತಿನಲ್ಲಿ ಅದರ ಕಣ್ಣು ನೋಡಿ ಮಾತಾಡಿಸಿ. ಅದು ‘ಊ’ ಎಂದರೆ ನೀವೂ ‘ಊ’ ಎಂದು ಹೇಳಿ ಒಂದು ಕ್ಷಣ ತಡೆಯಿರಿ. ಎರಡನೆಯ ತಿಂಗಳ ಹೊತ್ತಿಗೆ ಅದು ತನ್ನ ಸರದಿಗೆ ಕಾಯತೊಡಗುತ್ತದೆ, ನಿಮ್ಮನ್ನು ನೋಡಿ ನಗತೊಡಗುತ್ತದೆ. ಎಚ್ಚರವಿದ್ದಾಗ, ನಿಮ್ಮ ಕಣ್ಣೆದುರಿಗೆ, ಚಾಪೆಯ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಹಾಕಿ. ಎಲ್ಲ ಸೇರಿ ದಿನಕ್ಕೆ ಅರ್ಧ ತಾಸಾದರೆ ಕತ್ತು, ಭುಜ ಬಲಿಯುತ್ತವೆ. ಮಲಗಿಸುವಾಗ ಮಾತ್ರ ಅಂಗಾತವಾಗಿಯೇ ಮಲಗಿಸಬೇಕು.

ಅತ್ತೆಯ ಮಗ, ಸೋದರಮಾವ ಎಂದು ಒಳಗೊಳಗೆ ಮದುವೆಯಾದ ಮನೆತನಗಳು ನಮ್ಮಲ್ಲಿ ಬಹಳ. ಅಂಥ ಮನೆಗಳಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು. ಆದ್ದರಿಂದ ಮೊದಲ ತಿಂಗಳಲ್ಲೇ ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿ. ತೊಂದರೆಯಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರುವಾದ ಮಗು ಮಾತು ಕಲಿಯುವುದಕ್ಕೂ, ಮೂರು ವರ್ಷ ಕಾದು ನೋಡಿದ ಮಗು ಕಲಿಯುವುದಕ್ಕೂ ತುಂಬ ಅಂತರವಿದೆ. ಬಟ್ಟಲು ಬಡಿದು ಪರೀಕ್ಷೆ ಮಾಡಿದೆವು ಎನ್ನುವುದು ಸಾಲದು.

ಮೂರನೆಯ ಹೆಜ್ಜೆ: ಉಣಿಸಲು ಕಲಿಯುವುದು

ಆರು ತಿಂಗಳು ತುಂಬಿದ ದಿನದಿಂದ ಎದೆಹಾಲಿನ ಜೊತೆಗೆ ಮೇಲಾಹಾರ ಶುರುವಾಗಬೇಕು. ಎದೆಹಾಲನ್ನು ಎರಡು ವರ್ಷ ಮತ್ತು ಅದರಾಚೆಗೂ ಮುಂದುವರಿಸಬಹುದು. ನಮ್ಮ ಕಡೆ ಆಗುವ ದೊಡ್ಡ ತಪ್ಪೆಂದರೆ ತೆಳ್ಳನೆಯ ಅನ್ನದ ಗಂಜಿ, ಬೇಳೆಯ ತಿಳಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು. ಇವುಗಳಿಂದ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಚಹಾ ಅಂತೂ ಊಟದಲ್ಲಿರುವ ಕಬ್ಬಿಣದ ಅಂಶ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ರಕ್ತಹೀನತೆಯುಳ್ಳ ಮಗು ಆಟಕ್ಕೆ ಎದ್ದೇಳದೆ ಮೂಲೆಯಲ್ಲಿ ಕುಳಿತಿರುತ್ತದೆ, ಮತ್ತು ಆಡದ ಮಗುವಿಗೆ ಕಲಿಯುವ ಅವಕಾಶವೂ ಕಡಿಮೆ. ಆರು ವರ್ಷದೊಳಗಿನ ಮಗುವಿಗೆ ಚಹಾ ಬೇಡವೇ ಬೇಡ.

ಮೇಲಾಹಾರದ ಹದ ಹೀಗಿರಲಿ: ಚಮಚವನ್ನು ಓರೆ ಮಾಡಿದರೂ ಕೂಡಲೇ ಜಾರಿ ಬೀಳಬಾರದು. ಹೆಸರುಬೇಳೆ ಮತ್ತು ಅಕ್ಕಿಯನ್ನು ಮೆತ್ತಗೆ ಬೇಯಿಸಿ ಕಿವುಚಿ ಒಂದು ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ ಹಾಕಿ. ಜೋಳದ ನುಚ್ಚನ್ನು ಬೇಳೆಯೊಂದಿಗೆ ಕುದಿಸಿ. ಏಳೆಂಟು ತಿಂಗಳಿಗೆ ಬಿಸಿ ರೊಟ್ಟಿಯ ಮೆತ್ತನೆಯ ಭಾಗವನ್ನು ಮುರಿದು ಗಟ್ಟಿ ಬೇಳೆಯಲ್ಲಿ ನೆನೆಸಿ, ಬೇಯಿಸಿದ ಮೆಂತ್ಯ, ಪಾಲಕ ಅಥವಾ ನುಗ್ಗೆಸೊಪ್ಪನ್ನು ಅದರೊಳಗೇ ಅರೆದು ಕೊಡಬಹುದು. ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಆರು ತಿಂಗಳ ಮೇಲೆ ಶುರುಮಾಡಲು ಅಡ್ಡಿಯಿಲ್ಲ. ಶೇಂಗಾವನ್ನು ನುಣ್ಣಗೆ ಪುಡಿಮಾಡಿ ಊಟಕ್ಕೆ ಬೆರೆಸಿ, ಇಡೀ ಕಾಳನ್ನು ಐದು ವರ್ಷದವರೆಗೆ ಕೈಗೆ ಕೊಡಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು-ಮೂರು ಸಲ, ಎರಡು-ಮೂರು ಚಮಚದಿಂದ ಶುರುಮಾಡಿ ಹೊತ್ತಿಗೆ ಅರ್ಧ ಬಟ್ಟಲಿನವರೆಗೆ ಬನ್ನಿ. ಒಂಬತ್ತನೆಯ ತಿಂಗಳಿನಿಂದ ಮೂರು-ನಾಲ್ಕು ಸಲ ಉಣಿಸಿ, ನಡುವೆ ಬಾಳೆಹಣ್ಣಿನಂಥದ್ದನ್ನು ಒಂದೆರಡು ಸಲ ಕೊಡಿ. ವರ್ಷ ತುಂಬಿದ ಮಗು ಹೊತ್ತಿಗೆ ಮುಕ್ಕಾಲು ಬಟ್ಟಲಿನಿಂದ ಒಂದು ಬಟ್ಟಲು ಉಣ್ಣಬಲ್ಲದು.

ಉಣಿಸುವ ಬಗೆಯಲ್ಲಿಯೇ ಬೆಳವಣಿಗೆಯ ಅರ್ಧ ಪಾಠವಿದೆ. ಮಗುವನ್ನು ಎದುರಿಗೆ ಕೂರಿಸಿಕೊಳ್ಳಿ, ಅದರದೇ ತಟ್ಟೆ ಇರಲಿ. ‘ಬೇಳಿ ಬಿಸಿ ಐತಿ, ಊದೋಣ’ ಎಂದು ಹೇಳಿ ಊದಿ ತೋರಿಸಿ. ಬಾಯಿ ತೆರೆಯುವವರೆಗೆ ಕಾಯಿರಿ, ಮುಖ ತಿರುಗಿಸಿದರೆ ನಿಲ್ಲಿಸಿ. ಕಾಲ ಮೇಲೆ ಅಂಗಾತ ಹಾಕಿಕೊಂಡು ಮೂಗು ಹಿಡಿದು ತುರುಕಿದರೆ ಊಟವೆಂದರೆ ಅಂಜಿಕೆ ಹುಟ್ಟುತ್ತದೆ. ಮೊಬೈಲ್ ಹಿಡಿಸಿ ತುರುಕಿದರೆ ಹಸಿವೂ ತಿಳಿಯದು, ರುಚಿಯೂ ತಿಳಿಯದು. ಒಂಬತ್ತು-ಹತ್ತು ತಿಂಗಳ ಮಗುವಿನ ತಟ್ಟೆಗೆ ನಾಲ್ಕೈದು ಮಂಡಾಳು (ಮಂಡಕ್ಕಿ) ಹಾಕಿ ಬದಿಯಲ್ಲೇ ಕುಳಿತು ನೋಡಿ. ಮೊದಮೊದಲು ಇಡೀ ಅಂಗೈಯಿಂದ ಬಾಚಿ, ಬಾಯಿಗೆ ಹೋಗುವಷ್ಟರಲ್ಲಿ ಎಲ್ಲವನ್ನೂ ಚೆಲ್ಲುತ್ತದೆ. ಕೆಲವು ವಾರಗಳಲ್ಲಿ ಹೆಬ್ಬೆರಳು ತೋರುಬೆರಳು ಸೇರಿಸಿ, ನಾಲಿಗೆ ಹೊರಚಾಚಿ, ಒಂದೊಂದೇ ಮಂಡಾಳನ್ನು ಎತ್ತಿ ಬಾಯಿಗೆ ಮುಟ್ಟಿಸುತ್ತದೆ. ಮುಂದೆ ಪೆನ್ಸಿಲ್ ಹಿಡಿಯುವುದು ಇದೇ ಬೆರಳುಗಳ ಹಿಡಿತದಿಂದ. ನೆಲ ಹೊಲಸಾಗುತ್ತದೆ, ಗುಡಿಸಿದರಾಯಿತು.

ನೀರಿನ ವಿಚಾರ ನಮ್ಮ ಜಿಲ್ಲೆಗಳಲ್ಲಿ ಹಗುರವಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಹಲ್ಲು ಕಂದುಗಟ್ಟುವುದು ಅದರ ಕಣ್ಣಿಗೆ ಕಾಣುವ ಗುರುತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮಗುವಿನ ಊಟ ಬೇಯಿಸಲೂ ಕುಡಿಸಲೂ ಶುದ್ಧ ನೀರಿನ ಘಟಕದಿಂದ ತಂದ ನೀರನ್ನೇ ಬಳಸಿ. ಬೇಧಿಯಾದರೆ ಓಆರ್‌ಎಸ್ ಕೊಡಿ, ಹಾಲು-ಊಟ ನಿಲ್ಲಿಸಬೇಡಿ, ಆಶಾ ಕೊಡುವ ಜಿಂಕ್ ಮಾತ್ರೆಯನ್ನು ನಡುವೆ ಬೇಧಿ ನಿಂತರೂ ಒಟ್ಟು 14 ದಿನ ಪೂರೈಸಿ. ಆರು ತಿಂಗಳ ನಂತರ ವಾರಕ್ಕೆ ಎರಡು ಸಲ ಕಬ್ಬಿಣದ ಸಿರಪ್, ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ವಿಟಮಿನ್ ಎ, ವರ್ಷ ತುಂಬಿದ ಮೇಲೆ ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ, ಇವೆಲ್ಲ ಪುಕ್ಕಟೆ ಸಿಗುತ್ತವೆ. ಲಸಿಕೆಗಳು ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು, ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ನಡುವೆ ಮತ್ತು ಐದು ವರ್ಷಕ್ಕೆ. ಚುಚ್ಚಿದ ಮೇಲೆ ಜ್ವರ ಬರುತ್ತದೆಂದು ಮುಂದಿನ ಲಸಿಕೆ ತಪ್ಪಿಸಬೇಡಿ.

ಪ್ರತಿ ತಿಂಗಳು ಅಂಗನವಾಡಿಯಲ್ಲಿ ತೂಕ ಮಾಡಿಸಿ. ಹುಟ್ಟಿದ ತೂಕ ಐದನೆಯ ತಿಂಗಳ ಹೊತ್ತಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗಬೇಕು. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಎಚ್ಚರಿಕೆ ಬೇಕು, 11.5ಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಆಗ ಮನೆಮದ್ದಿಗೆ ನಿಲ್ಲದೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು.

ನಾಲ್ಕನೆಯ ಹೆಜ್ಜೆ: ಒಂದರಿಂದ ಮೂರು ವರ್ಷ, ಮಾತು ಮತ್ತು ನಡಿಗೆ

ಈ ಎರಡು ವರ್ಷಗಳಲ್ಲಿ ಮಗುವಿಗೆ ಬೇಕಾದದ್ದು ತೆರೆದ ನೆಲ ಮತ್ತು ಮಾತಿನ ಜೊತೆ. ವಾಕರ್ ಎಂಬ ಗಾಲಿಕುರ್ಚಿಗೆ ದುಡ್ಡು ಹಾಕಬೇಡಿ. ಅದು ನಡಿಗೆಯನ್ನು ಬೇಗ ಕಲಿಸುವುದಿಲ್ಲ, ಮಗುವನ್ನು ಮೆಟ್ಟಿಲು ಮತ್ತು ಒಲೆಯ ಹತ್ತಿರ ಬೇಗ ಮುಟ್ಟಿಸುತ್ತದೆ. ಬರಿಗಾಲಿನಲ್ಲಿ ಕಟ್ಟೆ ಹಿಡಿದು ನಿಲ್ಲಲಿ, ಹೊಸ್ತಿಲು ದಾಟಲಿ, ಸಂಜೆ ತಂಪಾದ ಮೇಲೆ ಅಂಗಳದಲ್ಲಿ ಓಡಲಿ. ದಿನವಿಡೀ ಸೇರಿ ಮೂರು ತಾಸಿನಷ್ಟು ಓಡಾಟ ಈ ವಯಸ್ಸಿಗೆ ಬೇಕು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು-ರಾತ್ರಿ ಸೇರಿ 11ರಿಂದ 14 ತಾಸು ನಿದ್ದೆ ಬೇಕು. ರಾತ್ರಿ ಹನ್ನೊಂದರವರೆಗೆ ಧಾರಾವಾಹಿ ಹಚ್ಚಿಟ್ಟ ಮನೆಯಲ್ಲಿ ಅದು ಸಿಗುವುದಿಲ್ಲ.

ಮಾತನ್ನು ಹೇಗೆ ಬೆಳೆಸಬೇಕೆಂದು ಕೇಳುವವರಿಗೆ ರೊಟ್ಟಿ ಬಡಿಯುವ ಹೊತ್ತನ್ನೇ ತೋರಿಸಬಹುದು. ಅಜ್ಜಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ತಣಿದ ಮೇಲೆ ನಿಂಬೆಹಣ್ಣಿನಷ್ಟು ಹಿಟ್ಟನ್ನು ಎರಡು ವರ್ಷದ ಮೊಮ್ಮಗನ ಕೈಗೆ ಕೊಡುತ್ತಾಳೆ. ಅವನು ಒಲೆಯಿಂದ ದೂರದಲ್ಲಿ, ಆಕೆಯ ಬಲಗಡೆ ಕುಳಿತು ಬಡಿಯುತ್ತಾನೆ. ‘ರೊತ್ತಿ’ ಎನ್ನುತ್ತಾನೆ. ‘ಹೌದಪ, ರೊಟ್ಟಿ. ಸಣ್ಣ ರೊಟ್ಟಿ. ಯಾರಿಗಿ ಕೊಡ್ತಿ?’ ‘ಅಪ್ಪಗ.’ ‘ಅಪ್ಪ ಎಲ್ಲಿಗಿ ಹೋಗ್ಯಾನ?’ ‘ಹೊಲಕ.’ ‘ಹೊಲಕ ಹೋಗ್ಯಾನ, ಎತ್ತ ಹೊಡ್ಕೊಂಡು ಹೋಗ್ಯಾನ. ಬಂದು ನಿನ್ನ ರೊಟ್ಟಿ ತಿಂತಾನ.’ ಅಜ್ಜಿ ಇಲ್ಲಿ ಒಂದು ರೊಟ್ಟಿಯೂ ಕಡಿಮೆ ಬಡಿಯಲಿಲ್ಲ. ಆದರೆ ಮಗುವಿನ ತೊದಲನ್ನು ಗದರದೆ ಸರಿಯಾದ ಉಚ್ಚಾರವನ್ನು ಕೇಳಿಸಿದಳು, ಅವನ ಒಂದು ಪದಕ್ಕೆ ಎರಡು ಪದ ಸೇರಿಸಿದಳು, ಪ್ರಶ್ನೆ ಕೇಳಿ ಉತ್ತರಕ್ಕೆ ತಡೆದಳು, ಕಣ್ಣೆದುರಿಗೆ ಇಲ್ಲದ ಅಪ್ಪನ ಬಗ್ಗೆ ಯೋಚಿಸುವಂತೆ ಮಾಡಿದಳು. ಭಾಷೆ ಕಲಿಸುವ ತಜ್ಞರು ಹೇಳಿಕೊಡುವುದೂ ಇದನ್ನೇ. ಎರೆಯುವಾಗ ಮೈಯ ಭಾಗಗಳು, ಕಾಯಿಪಲ್ಯ ಸೋಸುವಾಗ ಬಣ್ಣ, ಬಟ್ಟೆ ಮಡಿಸುವಾಗ ಯಾರದು ಯಾವುದು ಎಂಬ ವಿಂಗಡಣೆ, ಎಲ್ಲವೂ ಹೀಗೆಯೇ.

ನಮ್ಮಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಉರ್ದು ಅಥವಾ ತಾಂಡಾದ ಲಂಬಾಣಿ ಮಾತು ಕೇಳಿ, ಓಣಿಯಲ್ಲಿ ಕನ್ನಡ ಕೇಳಿ ಬೆಳೆಯುತ್ತವೆ. ಇದರಿಂದ ಮಾತು ತಡವಾಗುತ್ತದೆಂಬ ಭಯ ಬೇಡ, ಎಳೆಯ ಮಿದುಳು ಎರಡು-ಮೂರು ಭಾಷೆಗಳನ್ನು ಒಟ್ಟಿಗೆ ಹಿಡಿಯಬಲ್ಲದು. ಮನೆಯವರಿಗೆ ಸಲೀಸಾಗಿ ಬರುವ ಭಾಷೆಯಲ್ಲಿ ತುಂಬ ಮಾತಾಡಿ. ಬಾರದ ಇಂಗ್ಲಿಷಿನಲ್ಲಿ ‘ಕಮ್, ಸಿಟ್, ಈಟ್’ ಎಂದು ಮೂರು ಪದ ಹೇಳುವುದಕ್ಕಿಂತ ತಾಯ್ನುಡಿಯಲ್ಲಿ ಮುನ್ನೂರು ಪದ ಕೇಳಿದ ಮಗು ಮುಂದೆ ಇಂಗ್ಲಿಷನ್ನೂ ಚೆನ್ನಾಗಿ ಕಲಿಯುತ್ತದೆ.

ಮೊಬೈಲ್ ಬಗ್ಗೆ ಕಟ್ಟುನಿಟ್ಟಾಗಿರಬೇಕು. ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ. ಮೊಬೈಲ್ ಮಗುವಿಗೆ ಹಾಡು ಕೇಳಿಸುತ್ತದೆ, ಆದರೆ ಮಗು ‘ಊ’ ಎಂದರೆ ಓಗೊಡುವುದಿಲ್ಲ. ಬೇರೆ ಊರಿಗೆ ದುಡಿಯಲು ಹೋದ ತಂದೆಯೊಡನೆ ವಿಡಿಯೊ ಕರೆ ಮಾಡುವುದಕ್ಕೆ ಈ ಕಟ್ಟಳೆ ಇಲ್ಲ. ಅಲ್ಲಿ ಉತ್ತರ ಕೊಡುವ ಮನುಷ್ಯನಿದ್ದಾನೆ.

ಎರಡು ವರ್ಷದ ಮಗು ನೆಲಕ್ಕೆ ಬಿದ್ದು ಹಟ ಮಾಡುವುದು ಕೆಟ್ಟ ಬುದ್ಧಿಯಲ್ಲ. ಸಿಟ್ಟು ಬಂದಿದೆ, ಹೇಳಲು ಮಾತು ಸಾಲದು, ಅಷ್ಟೇ. ಪೆಟ್ಟಾಗದಂತೆ ನೋಡಿಕೊಂಡು ಹತ್ತಿರ ಕುಳಿತು ‘ಸಿಟ್ಟು ಬಂತಲ್ಲ ನಿನಗ’ ಎಂದು ಅದರ ಪರವಾಗಿ ನೀವೇ ಹೇಳಿ. ಹೊಡೆಯಬೇಡಿ. ಗುಮ್ಮ ಬಂದ, ಸೂಜಿ ಮಾಡಿಸ್ತೀನಿ ಎಂದು ಹೆದರಿಸಲೂಬೇಡಿ, ಹಾಗೆ ಹೆದರಿದ ಮಗು ಲಸಿಕೆಯ ದಿನ ಅಂಗನವಾಡಿಯ ಬಾಗಿಲನ್ನೇ ತುಳಿಯುವುದಿಲ್ಲ.

ಐದನೆಯ ಹೆಜ್ಜೆ: ಮೂರರಿಂದ ಆರು, ಆಟದ ವರ್ಷಗಳು

ಮೂರು ತುಂಬಿದ ಮಗುವನ್ನು ಅಂಗನವಾಡಿಗೆ ಕಳಿಸಿ. ಹಾಲು, ಮೊಟ್ಟೆ, ಬಿಸಿಯೂಟ ಎಷ್ಟು ಮುಖ್ಯವೋ ಓರಗೆಯ ಮಕ್ಕಳ ಜೊತೆಯೂ ಅಷ್ಟೇ ಮುಖ್ಯ. ರಾಜ್ಯದ ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಚಟುವಟಿಕೆಗಳಿವೆ. ಕೇಂದ್ರ ಸರ್ಕಾರ 2024ರಲ್ಲಿ ಮೂರು ವರ್ಷದೊಳಗಿನವರಿಗೆ ‘ನವಚೇತನ’, ಮೂರರಿಂದ ಆರು ವರ್ಷದವರಿಗೆ ‘ಆಧಾರಶಿಲಾ’ ಎಂಬ ಪಠ್ಯಕ್ರಮಗಳನ್ನು ಹೊರತಂದಿದೆ. ಎರಡರಲ್ಲಿಯೂ ಆಟವೇ ಪಾಠ. ಮಗುವನ್ನು ಕರೆತರಲು ಹೋದಾಗ ಕಾರ್ಯಕರ್ತೆಯನ್ನು ‘ಇವತ್ತು ಏನು ಆಡಿಸಿದಿರಿ ಮೇಡಂ’ ಎಂದು ಕೇಳಿ. ಪಾಲಕರು ಆಟದ ಬಗ್ಗೆ ಕೇಳತೊಡಗಿದರೆ ಕೇಂದ್ರದಲ್ಲಿ ಆಟ ಹೆಚ್ಚುತ್ತದೆ.

ನಾಲ್ಕು ವರ್ಷದ ಮಗುವಿಗೆ ಪುಟಗಟ್ಟಲೆ ಅಆಇಈ ಮತ್ತು ಎಬಿಸಿಡಿ ಬರೆಸುವ ಶಾಲೆಗೆ ಸಾಲ ಮಾಡಿ ಫೀಸು ಕಟ್ಟುವುದನ್ನು ನೋಡಿದಾಗ ಸಂಕಟವಾಗುತ್ತದೆ. ಆ ವಯಸ್ಸಿನಲ್ಲಿ ಬೆರಳಿನ ಸಣ್ಣ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ. ಬಲಿಸುವ ದಾರಿ ನಮ್ಮ ಹಬ್ಬಗಳಲ್ಲೇ ಇದೆ. ಕಾರಹುಣ್ಣಿಮೆಯ ನಂತರದ ಮಣ್ಣೆತ್ತಿನ ಅಮಾವಾಸ್ಯೆಗೆ ಹಸಿಮಣ್ಣನ್ನು ನಾದಿ ಎತ್ತು ಮಾಡುವಾಗ ಮಗುವಿಗೂ ಒಂದು ಮುದ್ದೆ ಕೊಡಿ. ಕೋಡು ಚೂಪು ಮಾಡಲು ಬೆರಳ ತುದಿ ಬೇಕು, ನಾಲ್ಕು ಕಾಲು ಸಮವಾಗಿ ನಿಲ್ಲಿಸಲು ಅಂದಾಜು ಬೇಕು, ಎತ್ತು ಬಿದ್ದರೆ ಮತ್ತೆ ಮಾಡುವ ತಾಳ್ಮೆ ಬೇಕು. ಹಬ್ಬ ಮುಗಿದ ಮೇಲೂ ವಾರಕ್ಕೊಮ್ಮೆ ಎರೆಮಣ್ಣು ಮಗುವಿನ ಕೈಗೆ ಸಿಗಲಿ. ಕಾಳು ಆರಿಸುವುದು, ಹೂ ಪೋಣಿಸುವುದು, ಇದ್ದಿಲಿನಿಂದ ಕಟ್ಟೆಯ ಮೇಲೆ ಗೀಚುವುದು, ಇವನ್ನೆಲ್ಲ ಮಾಡಲು ಬಿಡಿ. ಅಂಗಡಿಯ ಆಟಿಕೆಯೇ ಬೇಕೆಂದರೆ ಬ್ಯಾಟರಿಯ ಕಾರಿಗಿಂತ ಕೊಪ್ಪಳದ ಹತ್ತಿರದ ಕಿನ್ನಾಳದ ಕಟ್ಟಿಗೆಯ ಗೊಂಬೆಗಳು ಕಥೆ ಕಟ್ಟಲು ಹೆಚ್ಚು ಒದಗುತ್ತವೆ. ಬಣ್ಣದ ವಸ್ತುವನ್ನು ಬಾಯಿಗಿಡುವ ವಯಸ್ಸು ದಾಟಿದ ಮೇಲೆ ಕೊಡಿಸಿ.

ಲೆಕ್ಕವನ್ನು ಬಾಯಿಪಾಠದಿಂದ ಶುರುಮಾಡಬೇಡಿ. ‘ನಾಲ್ಕು ಮಂದಿ ಉಣ್ಣಾಕ ಕುಂತೀವಿ, ಎಷ್ಟು ತಾಟು ತರ್ತಿ?’ ಎಂದು ಕೇಳಿದರೆ ಎಣಿಕೆಗೆ ಅರ್ಥ ಬರುತ್ತದೆ. ರಾತ್ರಿ ಅಜ್ಜಿ ಹೇಳುವ ಕಥೆಯನ್ನು ನಡುವೆ ನಿಲ್ಲಿಸಿ ‘ಆಮ್ಯಾಲ ನರಿ ಏನ್ ಮಾಡ್ತು?’ ಎಂದು ಮಗುವಿನಿಂದಲೇ ಹೇಳಿಸಿ. ಕಣ್ಣಾಮುಚ್ಚಾಲೆಯಲ್ಲಿ ಕಣ್ಣು ತೆರೆಯದೆ ತಡೆಯುವ ಮಗು ತನ್ನನ್ನು ತಾನು ಹಿಡಿದಿಟ್ಟುಕೊಳ್ಳಲು ಕಲಿಯುತ್ತಿರುತ್ತದೆ, ಒಂದನೆಯ ತರಗತಿಯಲ್ಲಿ ಅಕ್ಷರದಷ್ಟೇ ಅದೂ ಬೇಕಾಗುತ್ತದೆ.

ಆರನೆಯ ಹೆಜ್ಜೆ: ತಡವಾಗುತ್ತಿದೆಯೇ ಎಂದು ಗಮನಿಸುವುದು

ಎಲ್ಲ ಮಕ್ಕಳೂ ಒಂದೇ ತಿಂಗಳಿಗೆ ನಡೆಯುವುದಿಲ್ಲ. ಹಾಗೆಂದು ಕಾಯುವುದಕ್ಕೂ ಮಿತಿಯಿದೆ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರದಿದ್ದರೆ, ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಹದಿನೆಂಟು ತಿಂಗಳಿಗೆ ನಡೆಯದಿದ್ದರೆ ಅಥವಾ ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಮತ್ತು ಯಾವ ವಯಸ್ಸಿನಲ್ಲೇ ಆಗಲಿ ಬರುತ್ತಿದ್ದ ಮಾತು ಅಥವಾ ಆಟ ನಿಂತುಹೋದರೆ, ಆ ವಾರವೇ ತೋರಿಸಬೇಕು. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದ’ ಎಂಬ ಸಮಾಧಾನ ಎಷ್ಟೋ ಮಕ್ಕಳ ಅಮೂಲ್ಯ ವರ್ಷವನ್ನು ತಿಂದಿದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ, ಸಾಧ್ಯವಾದರೆ ಜೊತೆಗೆ ಹೋಗಿ ನಿಮ್ಮ ಅನುಮಾನವನ್ನು ಬಾಯಿಬಿಟ್ಟು ಹೇಳಿ. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ, ಎಂದರೆ ಡಿಇಐಸಿಗೆ, ಚೀಟಿ ಬರೆದುಕೊಡುತ್ತಾರೆ. ಸೀಳುತುಟಿ, ಹುಟ್ಟು ಹೃದಯದೋಷ, ಕಿವುಡುತನಗಳಿಗೆ ಚಿಕಿತ್ಸೆ ಆ ದಾರಿಯಲ್ಲಿ ಉಚಿತವಾಗಿ ಸಿಗುತ್ತದೆ.

ಏಳನೆಯ ಹೆಜ್ಜೆ: ಅಪಾಯಗಳನ್ನು ದೂರವಿಡುವುದು, ಗುಳೆ ಹೋಗುವಾಗ ಸಿದ್ಧವಾಗುವುದು

ಹತ್ತಿ ಮತ್ತು ಮೆಣಸಿನಕಾಯಿ ಬೆಳೆಯುವ ಮನೆಗಳಲ್ಲಿ ಕ್ರಿಮಿನಾಶಕವೇ ಮೊದಲ ಅಪಾಯ. ಉಳಿದ ಔಷಧವನ್ನು ನೀರಿನ ಅಥವಾ ತಂಪುಪಾನೀಯದ ಬಾಟಲಿಗೆ ಎಂದೂ ಸುರಿದಿಡಬೇಡಿ. ಹೊಡೆದು ಬಂದವರು ಬಟ್ಟೆ ಬದಲಿಸಿ, ಮೈ ತೊಳೆದು, ಆಮೇಲೆ ಕೂಸನ್ನು ಎತ್ತಿಕೊಳ್ಳಲಿ. ಕಾಲುವೆ, ಹೊಂಡಗಳಷ್ಟೇ ಅಂಗಳದ ನೀರಿನ ತೊಟ್ಟಿ, ಬಕೆಟ್ಟುಗಳೂ ಅಪಾಯ. ತೆವಳುವ ಮಗು ಗೇಣು ನೀರಿನಲ್ಲಿಯೂ ಮುಳುಗಬಲ್ಲದು. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮಗುವನ್ನು ಹೊರಗೆ ಒಯ್ಯಬೇಡಿ, ತಗಡಿನ ಶೆಡ್ಡಿನಲ್ಲಿ ಮಲಗಿಸಬೇಡಿ.

ಮಳೆ ಕೈಕೊಟ್ಟ ವರ್ಷ ಕುಟುಂಬವೇ ಗುಳೆ ಹೊರಡಬೇಕಾದರೆ ಗಂಟುಮೂಟೆಯ ಜೊತೆ ತಾಯಿ ಕಾರ್ಡು, ಆಧಾರ್, ಓಆರ್‌ಎಸ್ ಪೊಟ್ಟಣ, ಕಬ್ಬಿಣದ ಸಿರಪ್ ಇರಲಿ. ಹೊರಡುವ ಮೊದಲು ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಹೋಗುವ ಊರಿನ ಕೇಂದ್ರಕ್ಕೆ ವರ್ಗಾಯಿಸಲು ಬರುತ್ತದೆ. ಬೆಂಗಳೂರಿನ ಕಟ್ಟಡದ ಶೆಡ್ಡಿಗೆ ಮುಟ್ಟಿದ ವಾರದಲ್ಲೇ ಹತ್ತಿರದ ಅಂಗನವಾಡಿಯನ್ನು ಹುಡುಕಿ ಹೆಸರು ಬರೆಸಿ, ತಪ್ಪಿದ ಲಸಿಕೆಯನ್ನು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕಿಸಿ. ಮಗು ಆಡುತ್ತಿದ್ದ ಗೊಂಬೆಯನ್ನೋ ಹೊದ್ದು ಮಲಗುತ್ತಿದ್ದ ಅಜ್ಜಿಯ ಸೀರೆಯ ತುಂಡನ್ನೋ ಬಿಟ್ಟು ಹೋಗಬೇಡಿ, ಹೊಸ ಜಾಗದಲ್ಲಿ ಮಗು ನಿದ್ದೆ ಹೋಗಲು ಅದು ಬೇಕಾಗುತ್ತದೆ. ಊರಲ್ಲಿ ಉಳಿದ ಅಜ್ಜಿ-ತಾತಂದಿರ ಬಳಿ ಮಗುವನ್ನು ಬಿಟ್ಟು ಹೋಗುವುದಾದರೆ ಮಗುವಿಗೆ ತಿಳಿಯದಂತೆ ನಸುಕಿನಲ್ಲಿ ಎದ್ದು ಹೋಗದೆ, ಹೇಳಿಯೇ ಹೊರಡಿ, ಮತ್ತು ದಿನಾಲೂ ಒಂದೇ ಹೊತ್ತಿಗೆ ಫೋನ್ ಮಾಡಿ ಮಗುವನ್ನು ಮಾತಾಡಿಸಿ.